ಎಷ್ಟು ಹೊಲಿಗೆ?

ಕಿರಿಯ ಸೊಸೆ ಪಿತ್ತಕೋಶದ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದ ದಿನ, ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಹೊಲಿಗೆ?"

"ಹೊಲಿಗೆ ಕಾಣಲ್ಲ. ನಾಲ್ಕು ಸಣ್ಣ ತೂತು, ಮೇಲೆ ಅಂಟು ಹಚ್ಚಿದಾರೆ," ಎಂದಳು ಆಕೆ. ಎಡವಟ್ಟಾಗಿದ್ದು ಅಲ್ಲೇ.

"ಅಂಟಾ?" ಎಂದರು ಅತ್ತೆ. "ಒಡೆದ ಪಿಂಗಾಣಿಗೆ ಹಚ್ತಾರಲ್ಲ, ಅದಾ?" ಬಂದವರು ಹಣ್ಣಿನ ಚೀಲ ಇಳಿಸಿ ಬೇಗನೆ ಎದ್ದುಹೋದರು.

ಹಿರಿಯ ಸೊಸೆಯ ಮುಖ ಮಾತ್ರ ಅರಳಿತು. ಎರಡು ವರ್ಷದ ಹಿಂದೆ ಅವಳ ಹೊಟ್ಟೆ ಕೊಯ್ದು, ಹೊಲಿಗೆಯ ಬದಲು ಇಪ್ಪತ್ತೆರಡು ಪಿನ್ನು ಹೊಡೆದಿದ್ದರು. ಆ ಬಲದ ಮೇಲೆ ಅವಳು ನಲವತ್ತು ದಿನ ಮಂಚ ಬಿಟ್ಟು ಇಳಿದಿರಲಿಲ್ಲ. ತೆಗೆದ ಪಿನ್ನುಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಈಗಲೂ ತೋರಿಸುತ್ತಿದ್ದಳು. "ಬರೀ ಅಂಟಾ? ಪುಣ್ಯ ಮಾಡಿದ್ದೀಯ ಬಿಡು," ಎಂದಳು.

ನಾಲ್ಕನೇ ದಿನಕ್ಕೆಲ್ಲ ಕಿರಿಯವಳು ಒಲೆಯ ಮುಂದೆ ನಿಂತಿದ್ದಳು. ಬಗ್ಗಿದರೆ ಹೊಟ್ಟೆಯೊಳಗೆ ಯಾರೋ ಚಿವುಟಿದಂತಾಗುತ್ತಿತ್ತು. ಗಂಡನ ಕಡೆ ನೋಡಿದಳು. "ನೋವಾದ್ರೆ ಹೇಳು," ಎಂದು ಅವನು ಪೇಪರಿನ ಪುಟ ತಿರುವಿದ.

ಎಂಟನೇ ದಿನ ಗಾಯ ತೋರಿಸಲು ಅತ್ತೆಯ ಜೊತೆ ಆಸ್ಪತ್ರೆಗೆ ಹೋದಳು. ನರ್ಸನ್ನು ಕಂಡದ್ದೇ ಕಣ್ಣು ತುಂಬಿ ಬಂತು. "ಸಿಸ್ಟರ್, ಮೇಲೆ ಸುಮ್ನೆ ಎರಡು ಹೊಲಿಗೆ ಹಾಕಿಬಿಡಿ."

ನರ್ಸ್ ನಕ್ಕಳು. "ಯಾಕಮ್ಮಾ? ಚರ್ಮದ ಕೆಳಗೆ ಹೊಲಿಗೆ ಇದೆಯಲ್ಲ! ಕರಗೋ ದಾರ. ಎರಡು ಮೂರು ತಿಂಗಳಲ್ಲಿ ತಾನಾಗೇ ಕರಗಿಹೋಗುತ್ತೆ."

ಅತ್ತೆ ಕುರ್ಚಿ ಹಿಡಿದುಕೊಂಡರು. "ಕರಗಿಹೋಗುತ್ತಾ? ಆಮೇಲೆ ಹೊಟ್ಟೆ ಬಿಚ್ಕೊಂಡ್ರೆ?"

"ಅಷ್ಟರಲ್ಲಿ ಗಾಯ ಪೂರ್ತಿ ಕೂಡಿರುತ್ತೆ," ಎಂದಳು ನರ್ಸ್. ಅತ್ತೆಯ ಕಿವಿಗೆ ಬಿದ್ದದ್ದು ಕರಗುವ ಮಾತೊಂದೇ.

ಅತ್ತೆ ಮನೆಗೆ ಬಂದವರೇ ಸೊಸೆಯನ್ನು ಮಂಚಕ್ಕೇರಿಸಿ, ಬೆನ್ನಿಗೆ ಎರಡು ದಿಂಬು ಕೊಟ್ಟರು. "ಅಲುಗಾಡಬೇಡ, ಒಳಗೆ ದಾರ ಕರಗ್ತಾ ಇದೆ!" ಅಕ್ಕಪಕ್ಕದವರಿಗೂ ಸುದ್ದಿ ಮುಟ್ಟಿ, ಹೋದವರೆಲ್ಲ ಮತ್ತೆ ಬಂದರು. ಹಿರಿಯ ಸೊಸೆ ಡಬ್ಬಿ ತಂದು ಅಲ್ಲಾಡಿಸಿದಳು. ಯಾರೂ ತಿರುಗಿ ನೋಡಲಿಲ್ಲ.

ಗಂಡ ಅಡುಗೆಮನೆ ಸೇರಿದ. ಮೊದಲ ದಿನ ಎಲ್ಲವೂ ತಳ ಹಿಡಿಯಿತು; ಅವಳು ಎರಡು ಸಲ ಹಾಕಿಸಿಕೊಂಡು ಉಂಡಳು.

ತಿಂಗಳು ಕಳೆಯುವಷ್ಟರಲ್ಲಿ ನೋವಿನ ಸುಳಿವೂ ಇರಲಿಲ್ಲ. ಒಂದು ಬೆಳಿಗ್ಗೆ ಗಂಡ ಕೈಯಲ್ಲಿ ಸೌಟು ಹಿಡಿದೇ ಬಂದು, ಮೆಲ್ಲಗೆ ಕೇಳಿದ: "ದಾರ ಕರಗಿತಾ?"

ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ನೋಡಿಕೊಂಡಳು.

"ಇನ್ನೂ ಸ್ವಲ್ಪ ಇದೆ ಅನ್ಸುತ್ತೆ," ಎಂದು ಮಗ್ಗುಲು ಬದಲಿಸಿದಳು.