ಹಸಿರು ಬಳೆಯ ಬಿಲ್ಲೆ

“ಈ ಕಡೆ ಬೆಣ್ಣಿ ಹಂಗ ಕರಗೇತಿ, ಆ ಕಡೆ ನೋಡಿದ್ರ ಬಳಿ ಚೂರು ಹಂಗ ನಿಂತಾವು. ಏನ ರಾಜಿ ಇದು?”

ನನ್ನ ಸೋದರತ್ತೆ ಸಾವಿತ್ರೆವ್ವ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಬನಹಟ್ಟಿಯ ನಮ್ಮ ಮನೆಯ ಮಗ್ಗದ ಕೋಣೆಯಲ್ಲಿ ನಾನು ಇಟ್ಟುಕೊಂಡಿರುವ, ಗಾಜು ಕರಗಿಸುವ ಪುಟ್ಟ ಕರೆಂಟಿನ ಭಟ್ಟಿಯಿಂದ ಆಗಷ್ಟೇ ತೆಗೆದ ಬಿಲ್ಲೆ ಅದು. ಹಿಂಬದಿಗಿದ್ದ ಅರ್ಧ ನುಣ್ಣಗೆ, ಬಾಗಿಲ ಕಡೆಯ ಅರ್ಧ ಮುಳ್ಳು ಮುಳ್ಳು.

ಮಾವ ತೀರಿಕೊಂಡ ದಿನ ಬಳೆ ಒಡೆಯಲು ಬಂದ ಹೆಂಗಸರಿಗೆ ಅತ್ತೆ ಕೈ ಕೊಟ್ಟಿರಲಿಲ್ಲ. ತಾವೇ ಬಿಚ್ಚಿ ಡಬ್ಬಿಯಲ್ಲಿ ಇಟ್ಟಿದ್ದರು. ಮತ್ತೆ ಕೈಗೆ ಹಾಕಿದರೆ ಓಣಿ ಆಡಿಕೊಳ್ಳುತ್ತದೆ. ಕರಗಿಸಿ ಕೊರಳಿಗೆ ಕಟ್ಟಿಕೊಂಡರೆ, ಕುಪ್ಪಸದೊಳಗೆ ಯಾರಿಗೆ ಕಂಡೀತು? ಇದ್ದವೇ ನಾಲ್ಕು ಬಳೆ, ನಾಲ್ಕೂ ಈ ಬಿಲ್ಲೆಯಲ್ಲಿ.

“ಬಾಗಲಾ ಸರಿ ಕೂಡಂಗಿಲ್ಲ ಅತ್ತಿ, ಸಂದಿಯಾಗಿಂದ ಕಾವು ಹೊರಗ ಹೋಗತೈತಿ. ಸಂದಿ ಮುಚ್ಚಿ, ತಿರುವಿ ಇಟ್ಟು, ಇನ್ನೊಮ್ಮಿ ಕಾಸಬೇಕು. ಆದ್ರ ಸೀಳಿದ್ರ?”

“ಸೀಳಿದ್ರ ಸೀಳ್ಲಿ. ಹಿಂಗ ಕಟಗೊಂಡ್ರ ಎದಿಗೆ ಚುಚ್ಚತೈತಿ. ನಿಮ್ಮ ಮಾವನೂ ಹಿಂಗ ಇದ್ದ ನೋಡು, ಅರ್ಧ ಮೆತ್ತಗ, ಅರ್ಧ ಮುಳ್ಳು.”

ನಕ್ಕೆ. ಬಾಗಿಲ ಸಂದಿಗೆ ಬೆಂಕಿಗೆ ಸುಡದ, ಉಣ್ಣೆಯಂಥ ಬಿಳಿ ಪಟ್ಟಿ ತುರುಕಿದೆ. ಮುಳ್ಳಿನ ಕಡೆಯನ್ನು ಹಿಂದಕ್ಕೆ ಮಾಡಿ ಇಟ್ಟೆ. ಮೊದಲ ಸಲ ಅವಸರ ಮಾಡಿದ್ದೆ. ಈ ಸಲ ಕಾವನ್ನು ನಿಧಾನ ಏರಿಸಿ, ಗಾಜು ಕರಗುವ ಮಟ್ಟಕ್ಕೆ ಬಂದ ಮೇಲೂ ಮೂಲೆಮೂಲೆಗೆ ಸಮನಾಗಲೆಂದು ಅಲ್ಲೇ ಒಂದಿಷ್ಟು ಹೊತ್ತು ಹಿಡಿದೆ. ಭಟ್ಟಿ ಬಂದ್ ಮಾಡಿದ್ದೇ ತಡ, ಅತ್ತೆಯ ವರಾತ ಶುರು.

“ಒಂಚೂರ ಬಾಗಲಾ ತಗದು ನೋಡೂಣಲ್ಲ?”

“ತಣ್ಣನ ಗಾಳಿ ಬಡದ್ರ ಟಪ್ ಅಂತೈತಿ. ಸುಮ್ನ ಕುಂದರ ಬೇ.”

“ಹೆರಿಗಿ ಮನಿ ಮುಂದ ಕುಂತಂಗ ಆತಲ್ಲ!”

ಮರುದಿನ ಬಾಗಿಲು ತೆಗೆದೆ. ಬಿಲ್ಲೆ ಸೀಳಿರಲಿಲ್ಲ. ಅತ್ತೆ ಬೆರಳಾಡಿಸಿದರು, ಎಲ್ಲೂ ಚುಚ್ಚಲಿಲ್ಲ. ತೂತು ಕೊರೆದು, ಅವರೇ ಹೇಳಿದಷ್ಟು ಉದ್ದದ ಕರಿದಾರ ಪೋಣಿಸಿ ಕೊಟ್ಟೆ. ಕೊರಳಿಗೆ ಹಾಕಿ ಕುಪ್ಪಸದೊಳಗೆ ಇಳಿಬಿಟ್ಟುಕೊಂಡರು.

“ಕಾಣತೈತೇನ?”

“ಏನೂ ಕಾಣಂಗಿಲ್ಲ.”

“ಒಂಚೂರೂ?”

“ಇಲ್ಲ ಅತ್ತಿ, ಖರೇನ.”

ಅತ್ತೆ ಹೊಸ್ತಿಲ ತನಕ ಹೋಗಿ ನಿಂತರು. ದಾರ ಹೊರಗೆಳೆದು, ಮಗ್ಗದ ಮೇಲೆ ಹರಿದ ಎಳೆ ಕೂಡಿಸುವಂತೆ ಒಂದೇ ಚಿಟಿಕೆಯಲ್ಲಿ ಗಿಡ್ಡಗೆ ಗಂಟು ಹಾಕಿದರು. ಉಳಿದ ತುದಿಯನ್ನು ಹಲ್ಲಿನಿಂದ ಕಡಿದು ಉಗುಳಿ, ಹಸಿರು ಬಿಲ್ಲೆಯನ್ನು ಕುಪ್ಪಸದ ಮೇಲೆಯೇ ಬಿಟ್ಟುಕೊಂಡು ಓಣಿಗೆ ಇಳಿದರು.