ಅಮ್ಮನ ನಾಣ್ಯಕ್ಕೊಂದು ಚೀಟಿ

೧
ಹೇಗೆ ಶುರು ಮಾಡಲಿ? 'ಹಳೆಯ ಬೆಳ್ಳಿ ನಾಣ್ಯವೊಂದು ಥಳಥಳ ಹೊಳೆಯುತ್ತಿತ್ತು' ಎಂದರೆ ನಿಮಗೆ ಖುಷಿ, ನನ್ನ ಕಥಾನಾಯಕನಿಗೆ ತಲೆನೋವು. ಅವನು ನಾಣ್ಯ ಪರೀಕ್ಷಕ. ನೂರು ವರ್ಷ ದಾಟಿದ ಬೆಳ್ಳಿ ಕಪ್ಪಾಗಿರಬೇಕು; ಹೊಳೆದರೆ ಯಾರೋ ತಿಕ್ಕಿದ್ದಾರೆ, ತಿಕ್ಕಿದ್ದನ್ನು ಸಂಗ್ರಹಕಾರರು ಮೂಸಿಯೂ ನೋಡುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯಿಂದಲೇ ಹೊಟ್ಟೆ ಹೊರೆಯುವ ಆಸಾಮಿ.

೨
(ಮೊದಲ ಡ್ರಾಫ್ಟ್‌ನಲ್ಲಿ ನಾಣ್ಯದ ಬಾಯಲ್ಲೇ ಕಥೆ ಹೇಳಿಸಿದ್ದೆ. ಅದು ನನಗಿಂತ ಚೆನ್ನಾಗಿ ಮಾತಾಡತೊಡಗಿತು. ಹರಿದು ಹಾಕಿದೆ.)

೩
ಇದು ತೀರಿಕೊಂಡ ಅಮ್ಮನ ನಾಣ್ಯ. ಬರುವ ವಾರ ಹರಾಜಿಗೆ ಹಾಕಬೇಕೆಂದು ತಮ್ಮನಾದ ನಮ್ಮ ನಾಯಕ, ಮನೆಯಲ್ಲೇ ಇರಲೆಂದು ಅಕ್ಕ. ಕೊನೆಗೆ ಅಕ್ಕ ತಾನೇ ತಂದುಕೊಟ್ಟಳು. ಅವನು ದೀಪದಡಿ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದ. ನಾಣ್ಯದ ಮೇಲಿನ ರಾಣಿಯ ಕೆನ್ನೆ ಚಪ್ಪಟೆ. ಸವೆದದ್ದೋ, ಟಂಕಸಾಲೆಯಲ್ಲಿ ಅಚ್ಚೇ ಸರಿಯಾಗಿ ಬಿದ್ದಿಲ್ಲವೋ? ಅಚ್ಚಿನ ತಪ್ಪಾದರೆ ಚಪ್ಪಟೆ ಜಾಗದಲ್ಲೂ ಹುಟ್ಟಿನ ಮಿರುಗು ಉಳಿದಿರುತ್ತದೆ. ಇಲ್ಲಿದ್ದದ್ದು ಕೂದಲೆಳೆಯಂಥ ಗೀರುಗಳು, ಒಂದೇ ದಿಕ್ಕಿಗೆ, ಸಾಲುಸಾಲಾಗಿ. ಮೊನ್ನೆ ಮೊನ್ನೆಯವು.

೩ (ಮುಂದುವರಿಯುತ್ತಿಲ್ಲ)
ನನ್ನ ಪ್ಲಾನ್ ಹೀಗಿತ್ತು: ಪಾಪದ ಅಕ್ಕ, ಪ್ರೀತಿಯಿಂದ ಹಲ್ಲುಪುಡಿ ಹಾಕಿ ತಿಕ್ಕಿದ್ದಾಳೆ. ಅವಳ ಮನಸ್ಸು ನೋಯಬಾರದೆಂದು ತಮ್ಮನು ನಾಣ್ಯದ ಜೊತೆ ಹರಾಜಿಗೆ ಹೋಗುವ ಚೀಟಿಯಲ್ಲಿ 'ಅಚ್ಚಿನ ದೋಷ' ಎಂದು ಬರೆಯುತ್ತಾನೆ. ನಿಮ್ಮ ಕಣ್ಣಲ್ಲಿ ನೀರು, ನನಗೊಂದು ಬಹುಮಾನ. ನಾಯಕ ಒಪ್ಪಲಿಲ್ಲ. ಸುಳ್ಳು ಚೀಟಿ ಬರೆಯುವುದಕ್ಕೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ ಎಂದ.

೪
ಅಕ್ಕನೂ ಒಪ್ಪಲಿಲ್ಲ. 'ಪಾಪದ' ಎಂದದ್ದಕ್ಕೆ ನನ್ನನ್ನು ದುರುಗುಟ್ಟಿ ನೋಡಿ, ತಮ್ಮನ ಎದುರು ಕೂತಳು.

"ಮೂವತ್ತು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ನಿನ್ನ ಪಾಠ ಕೇಳಿದೀನಿ ಕಣೋ. ತಿಕ್ಕಿದ್ರೆ ಯಾರೂ ಕೊಳ್ಳಲ್ಲ ಅಂತ ನಂಗೆ ಗೊತ್ತಿಲ್ವಾ? ಅದಕ್ಕೇ ತಿಕ್ಕಿದ್ದು."

ನಾನು ಇಂಗು ತಿಂದ ಮಂಗನಂತಾದೆ. ನಾಲ್ಕು ಡ್ರಾಫ್ಟ್ ಬರೆದವನಿಗೆ ಇದು ಹೊಳೆದಿರಲಿಲ್ಲ. ತಮ್ಮ ನಾಣ್ಯವನ್ನು ಮತ್ತೆ ದೀಪದಡಿ ಓರೆಯಾಗಿ ಹಿಡಿದ.

"ಅಮ್ಮನ ಕೈ ತಾಗಿ ತಾಗಿ ಬಂದಿದ್ದ ಬಣ್ಣ ಅಕ್ಕಾ ಅದು. ಅದನ್ನೂ ತಿಕ್ಕಿಬಿಟ್ಯಲ್ಲ."

೫
ಕೊನೆ ಒಂದು: ಅಕ್ಕ ಅಳುತ್ತಾಳೆ. ಕೊನೆ ಎರಡು: ಮಾರಲು ಹೊರಟವನಿಗೆ ಈಗ ಬಣ್ಣದ ಚಿಂತೆಯೋ ಎಂದು ಝಾಡಿಸುತ್ತಾಳೆ. (ಎರಡೂ ನ್ಯಾಯವೇ. ನಾನು ಅಡ್ಡಗೋಡೆಯ ಮೇಲೆ ದೀಪ ಇಡುವವನು.)

ಅವಳು ಎರಡನ್ನೂ ಮಾಡಲಿಲ್ಲ. ನಾಣ್ಯ ಕಸಿದುಕೊಂಡು ರಾಣಿಯ ಕೆನ್ನೆಯ ಮೇಲೆ ಹೆಬ್ಬೆರಳು ಒತ್ತಿದಳು. ಅಂಚು ಮಾತ್ರ ಹಿಡೀಬೇಕು, ಮುಖ ಮುಟ್ಟಬಾರದು ಎಂದು ಊರಿಗೆಲ್ಲ ಹೇಳುವವನು ಭೂತಗನ್ನಡಿ ಕೆಳಗಿಟ್ಟ.

"ಮತ್ತೆ ಆ ಬಣ್ಣ ಬರಕ್ಕೆ ಎಷ್ಟು ವರ್ಷ ಬೇಕೋ?"

ನನಗಂತೂ ಗೊತ್ತಿಲ್ಲ. ಅವಳು ಬೆರಳು ತೆಗೆದಿಲ್ಲ. ನಿಮಗೆ ಪುರುಸೊತ್ತಿದ್ದರೆ ಕೂತಿರಿ.