ಐದು ಹೋಗಿ ನಾಲ್ಕು ಬಂದವು

ಪರದೆ ನೋಡಿಯೇ ಲೋಕ ಗೆದ್ದೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸೇನೆಯಲ್ಲಿ ಹದಿನೇಳು ವರ್ಷ ನನ್ನ ಕೆಲಸ ಒಂದೇ. ಪಡೆ ಹೊರಡುವ ಮೊದಲು ತೆವಳಿಕೊಂಡು ಹೋಗಿ ಮುಂದೆ ಏನಿದೆ ಎಂದು ನೋಡಿ ಬರುವುದು. ಒಂದೇ ಒಂದು ದಿನ ಮಾತ್ರ ನಮ್ಮನ್ನು ಕಳಿಸಲಿಲ್ಲ. ಡ್ರೋನ್ ಹಾರಿಸಿದರು, ಹಳ್ಳ ಖಾಲಿ ಎಂದರು. ಆ ಖಾಲಿ ಹಳ್ಳದಲ್ಲೇ ನಮ್ಮೂರು ಬಣಕಲ್ಲಿನ ಮಲ್ಲೇಶ್ ಗುಂಡು ತಗುಲಿ ಸತ್ತ. ಅವನ ಹೆಣದ ಪೆಟ್ಟಿಗೆಯ ಜೊತೆ ಊರಿಗೆ ಬಂದವನು ನಾನು.

ಈಗ ಮೂಡಿಗೆರೆ ಹತ್ತಿರದ ತೋಟವೊಂದರಲ್ಲಿ ವಾಚರ್ ಆಗಿದ್ದೇನೆ. ಮಲ್ಲೇಶನ ಅಕ್ಕ ಪಾಪಮ್ಮ ಅದೇ ತೋಟದಲ್ಲಿ ಕಾಫಿ ಹಣ್ಣು ಕುಯ್ಯುತ್ತಾಳೆ.

ಈ ಜನವರಿಯಲ್ಲಿ ಒಂದು ರಾತ್ರಿ ಆನೆಗಳು ತೋಟಕ್ಕೆ ನುಗ್ಗಿದವು. ಧಣಿಗಳ ಅಳಿಯ ಅಶ್ವಿನ್ ಹೊಸ ಡ್ರೋನ್ ತಂದಿದ್ದರು, ಮೈಬಿಸಿ ನೋಡಿ ಪ್ರಾಣಿ ಗುರುತಿಸುವಂಥದ್ದು. ಬೆಳಿಗ್ಗೆ ಆರಕ್ಕೆ ಹಾರಿಸಿದಾಗ ನಾಲ್ಕು ಆನೆ ರಸ್ತೆ ದಾಟಿ ಕಾಡಿಗೆ ಹೋಗುವುದು ಕಂಡಿತಂತೆ. ತಕ್ಷಣ ವಾಟ್ಸಾಪ್ ಗ್ರೂಪಿಗೆ 'ತೋಟ ಕ್ಲಿಯರ್' ಎಂದು ಹಾಕಿ, ಜೀಪಿನಲ್ಲೇ ಕೂತು ಕಾಫಿ ಕುಡಿದರು. ಎಂಟಕ್ಕೆ ಹನ್ನೆರಡು ಹೆಂಗಸರು ಟ್ರ್ಯಾಕ್ಟರ್ ಹತ್ತಿದ್ದರು. ಮುಂದೆಯೇ ಪಾಪಮ್ಮ ಕೂತಿದ್ದಳು.

ಅಷ್ಟರಲ್ಲಿ ನಾನು ಬೇಲಿಯ ತನಕ ಹೋಗಿ ಬಂದಿದ್ದೆ. ಒಳಗೆ ಹೋದ ಹೆಜ್ಜೆ ಐದು ಆನೆಗಳದ್ದು, ಹೊರಬಂದದ್ದು ನಾಲ್ಕರದ್ದು. ಎಷ್ಟು ಹೋದವು ಎಂದು ತಿಳಿಯದೆ ಎಷ್ಟು ಬಂದವು ಎಂದು ಎಣಿಸುವಷ್ಟು ಬುದ್ಧಿವಂತಿಕೆ ನನಗಿಲ್ಲ. ಕಾಫಿ ಗಿಡ ಮೇಲಿಂದ ನೋಡಿದರೆ ಬರೀ ಎಲೆ, ಕೆಳಗಿಂದ ನೋಡಿದರೆ ಬರೀ ಕಾಂಡ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ನೋಡಿದೆ. ದಟ್ಟ ಅತ್ತಿಮರದ ಬುಡದಲ್ಲಿ ನಾಲ್ಕು ದಪ್ಪ ಕಾಲು ಕಂಡವು. ಒಂದು ಮೆಲ್ಲಗೆ ಅಲುಗಿತು.

"ಸರ್, ಒಂದು ಒಳಗೇ ಉಳ್ಕಂಡಿದೆ. ಹೆಂಗಸ್ರನ್ನ ಕಳಿಸ್ಬೇಡಿ" ಎಂದೆ.

"ಹಾಲೇಶಣ್ಣ, ಕ್ಯಾಮೆರಾ ಸುಳ್ಳು ಹೇಳಲ್ಲ ಮಾರಾಯ್ರೆ. ನಿಮ್ಮ ಮಿಲಿಟ್ರಿ ಕಾಲ ಮುಗೀತು" ಎಂದು ಅಶ್ವಿನ್ ನಕ್ಕರು.

"ಸುಳ್ಳು ಹೇಳಲ್ಲ ಸರ್. ಕಾಣದ್ದನ್ನೂ ಹೇಳಲ್ಲ."

ಅವರು ಡ್ರೈವರಿಗೆ ಕೈ ಬೀಸಿದರು. ನಾನು ಟ್ರ್ಯಾಕ್ಟರಿಗೆ ಅಡ್ಡ ನಿಂತೆ.

"ಖಾಲಿ ಇದೆಯಲ್ಲ ಸರ್, ನೀವು ಮುಂದೆ ನಡೀರಿ. ಇವ್ರು ನಿಮ್ಮ ಹಿಂದೆ ಬರ್ತಾರೆ."

ಅಶ್ವಿನ್ ಪರದೆ ನೋಡಿದರು. ದಾರಿ ನೋಡಿದರು. ಆಮೇಲೆ ತಮ್ಮ ಬಿಳಿ ಶೂ ನೋಡಿಕೊಂಡರು. ಜೀಪಿನಿಂದ ಕಾಲು ಮಾತ್ರ ಕೆಳಗಿಡಲಿಲ್ಲ. ಟ್ರ್ಯಾಕ್ಟರಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಇನ್ನೊಂದ್ಸಲ ಹಾರಿಸಿ ನೋಡಣ" ಎಂದರು, ಗಂಟಲು ಸರಿಮಾಡಿಕೊಂಡು.

ನಾನು ಬೆರಳು ತೋರಿಸಿದ ಕಡೆ ತಗ್ಗಿ ಹಾರಿಸಿದರು. ಆ ಸದ್ದಿಗೆ ಸಲಗ ಗಿಡ ಮುರಿದುಕೊಂಡು ಹೊರಗೆ ಬಂತು. ಅವತ್ತು ಹೆಂಗಸರು ಕುಯ್ಯಬೇಕಿದ್ದ ಸಾಲೇ ಅದು. ಪರದೆಯಲ್ಲಿ ಏನು ಚೆಂದ ಕಂಡಿತು ಅಂತೀರಿ! ಎಲ್ಲಿ ನೋಡಬೇಕೆಂದು ಹೇಳಿಕೊಟ್ಟರೆ ಆ ಯಂತ್ರದ ಕಣ್ಣು ಒಳ್ಳೆಯದೇ, ಅದನ್ನು ನಾನೂ ಒಪ್ಪುತ್ತೇನೆ. ಮಧ್ಯಾಹ್ನ ಪಟಾಕಿ ಹೊಡೆದು ಸಲಗವನ್ನು ಕಾಡಿಗೆ ಅಟ್ಟಿದರು.

ಸಂಜೆ ಗ್ರೂಪಿನಲ್ಲಿ ವಿಡಿಯೋ ಬಂತು. 'ಹನ್ನೆರಡು ಜೀವ ಉಳಿಸಿದ ನಮ್ಮ ಡ್ರೋನ್.' ನಲವತ್ತು ಜನ ಹೆಬ್ಬೆರಳು ಎತ್ತಿದ್ದರು. ನಾಚಿಕೆ ಎನ್ನುವುದನ್ನು ಯಾವ ಕ್ಯಾಮೆರಾವೂ ಹಿಡಿಯುವುದಿಲ್ಲವೇನೋ.

ಮರುದಿನವೂ ಆರೂವರೆಗೆ 'ಕ್ಲಿಯರ್' ಬಂತು. ಡ್ರೈವರ್ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದ. ಪಾಪಮ್ಮ ಹತ್ತಲಿಲ್ಲ. ಅವಳ ಹಿಂದಿದ್ದವರೂ ಹತ್ತಲಿಲ್ಲ.

"ಹಾಲೇಶಾ, ನೀನು ಹೋಗಿ ನೋಡ್ಕಂಡು ಬಂದ್ಯಾ?" ಎಂದು ಕೇಳಿದಳು.

ಅವಳ ತಮ್ಮ ಸತ್ತ ದಿನ ಯಾರೊಬ್ಬರೂ ಕೇಳದ ಮಾತು ಅದು.

"ಇಲ್ಲ ಅಕ್ಕ, ಈಗ ಹೋಗ್ತೀನಿ" ಎಂದೆ.

ನಾನು ಬರುವ ತನಕ ಹನ್ನೆರಡು ಜನವೂ ಕೆಳಗೇ ನಿಂತಿದ್ದರು.